ಯೂರಿಯಾ ಚೀಲ ಮತ್ತು ಹಸಿರು ಹೈಡ್ರೋಜನ್

ಮೂಡಿಗೆರೆ ಕಡೆಯ ಗೋಣಿಬೀಡಿನ ಕಾಫಿ ತೋಟಗಳಿಗೆ ಹೈಡ್ರೋಜನ್ ಬರುವುದು ಯೂರಿಯಾ ಚೀಲದಲ್ಲಿ. ಘಟ್ಟದ ಕೆಳಗೆ ಪಣಂಬೂರಿನ ಎಂಸಿಎಫ್ ಗೊಬ್ಬರ ಕಾರ್ಖಾನೆ ಕೊಚ್ಚಿ–ಮಂಗಳೂರು ಕೊಳವೆಯ ನೈಸರ್ಗಿಕ ಅನಿಲದಿಂದ ಹೈಡ್ರೋಜನ್ ತೆಗೆದು, ಅದರಿಂದ ಅಮೋನಿಯಾ, ಅಮೋನಿಯಾದಿಂದ ಯೂರಿಯಾ ಮಾಡುತ್ತದೆ. ಹಾಗಾಗಿ 2023ರ ಜನವರಿಯಲ್ಲಿ ಕೇಂದ್ರ ಸಂಪುಟ 19,744 ಕೋಟಿ ರೂಪಾಯಿಯ ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್‌ಗೆ ಒಪ್ಪಿಗೆ ಕೊಟ್ಟದ್ದು ಕಾಫಿ ಬೆಳೆಗಾರರಿಗೂ ಸಂಬಂಧಪಟ್ಟ ಸುದ್ದಿಯೇ. ಅನಿಲದ ಬದಲು ನವೀಕರಿಸಬಹುದಾದ ಮೂಲಗಳಿಂದ ಹೈಡ್ರೋಜನ್ ತೆಗೆಯುವ ಅದರ ಗುರಿ ಸರಿಯಾಗಿದೆ. ಹಿಡಿದ ದಾರಿ, ಅಂದರೆ ಹೆಚ್ಚಾಗಿ ಕರೆಂಟಿನಿಂದ ನೀರು ಒಡೆಯುವುದು, ಅದರ ಬಗ್ಗೆ ನನಗೆ ತಕರಾರಿದೆ.

45 ಕೆ.ಜಿ.ಯ ಒಂದು ಚೀಲಕ್ಕೆ ಸುಮಾರು 26 ಕೆ.ಜಿ. ಅಮೋನಿಯಾ ಬೇಕು, ಅದರೊಳಗಿನ ಹೈಡ್ರೋಜನ್ ನಾಲ್ಕೂವರೆ ಕೆ.ಜಿ.ಗಿಂತ ತುಸು ಹೆಚ್ಚು. ನೀರನ್ನು ಒಡೆದು ಒಂದು ಕೆ.ಜಿ. ಹೈಡ್ರೋಜನ್ ಪಡೆಯಲು 50ರಿಂದ 55 ಯೂನಿಟ್ ಕರೆಂಟು ಬೇಕು. ಚೀಲವೊಂದಕ್ಕೆ 240 ಯೂನಿಟ್ ಹತ್ತಿರವಾಯಿತು. ಯೂನಿಟ್ಟಿಗೆ ನಾಲ್ಕು ರೂಪಾಯಿ ಹಿಡಿದರೂ ಕರೆಂಟಿನ ಬಾಬತ್ತೇ 960 ರೂಪಾಯಿ. ರೈತ ಆ ಚೀಲಕ್ಕೆ ಕೊಡುವುದು 266 ರೂಪಾಯಿ ಚಿಲ್ಲರೆ. ನೀರು ಒಡೆಯುವ ಯಂತ್ರ, ಅಂದರೆ ಎಲೆಕ್ಟ್ರೋಲೈಸರ್, ಸೌರ ಕರೆಂಟಿನಲ್ಲಿ ಬಿಸಿಲಿದ್ದಾಗ ಮಾತ್ರ ಓಡಿ ರಾತ್ರಿ ಸುಮ್ಮನೆ ನಿಂತರೂ ಅದರ ಸಾಲದ ಬಡ್ಡಿ ನಿಲ್ಲುವುದಿಲ್ಲ.

ಬೆಲೆ ಇಳಿಯುತ್ತಿದೆ, ನಿಜ. 2025ರ ಹರಾಜೊಂದರಲ್ಲಿ ಹಸಿರು ಅಮೋನಿಯಾ ಕೆ.ಜಿ.ಗೆ 55.75 ರೂಪಾಯಿಗೆ ಬಂತು. ಆ ವರ್ಷದ ಮಾರ್ಚ್‌ನಲ್ಲಿ ಅನಿಲದ ಅಮೋನಿಯಾ ಟನ್ನಿಗೆ 515 ಡಾಲರ್, ಅಂದರೆ ಕೆ.ಜಿ.ಗೆ ಸುಮಾರು 44 ರೂಪಾಯಿ ಇತ್ತು. ವ್ಯತ್ಯಾಸ ಸಣ್ಣದೆನಿಸಬಹುದು; ಚೀಲದ ಮೇಲೆ ಅದು 300 ರೂಪಾಯಿ, ರೈತ ಕೊಡುವ ಪೂರ್ತಿ ಬೆಲೆಗಿಂತ ಹೆಚ್ಚು. ಸರ್ಕಾರದ ಪ್ರೋತ್ಸಾಹಧನ ಇದರ ಹೊರಗಿನದು.

ಇದಕ್ಕಿಂತ ದೊಡ್ಡ ತೊಡಕು ರಸಾಯನಶಾಸ್ತ್ರದ್ದು. ಯೂರಿಯಾಕ್ಕೆ ಅಮೋನಿಯಾದ ಜೊತೆಗೆ ಇಂಗಾಲದ ಡೈಆಕ್ಸೈಡ್ ಕೂಡ ಬೇಕು, ಚೀಲಕ್ಕೆ 33 ಕೆ.ಜಿ.ಯಷ್ಟು. ಅನಿಲದ ಕಾರ್ಖಾನೆಯಲ್ಲಿ ಅದು ಅಲ್ಲೇ ಹುಟ್ಟುತ್ತದೆ. ನೀರಿನಿಂದ ತೆಗೆದ ಹೈಡ್ರೋಜನ್‌ಗೆ ಆ ಜೊತೆಗಾರ ಇಲ್ಲ, ಬೇರೆಡೆಯಿಂದ ತರಬೇಕು.

ಈ ಗಂಟನ್ನು ಬಿಡಿಸುವ ಕೆಲಸ ಬೆಂಗಳೂರಿನಲ್ಲೇ ಆಗಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎಸ್. ದಾಸಪ್ಪ ಅವರ ತಂಡ ಕೊಂಬೆ, ಹೊಟ್ಟಿನಂಥ ಒಣ ಜೀವರಾಶಿಯನ್ನು (ಬಯೋಮಾಸ್) ಆಮ್ಲಜನಕ ಮತ್ತು ಹಬೆಯಲ್ಲಿ ಅನಿಲವಾಗಿಸಿ, ಕೆ.ಜಿ.ಗೆ 100 ಗ್ರಾಂ ಹೈಡ್ರೋಜನ್ ತೆಗೆದು ತೋರಿಸಿತು. ಜೀವರಾಶಿಯಲ್ಲಿರುವುದು 60 ಗ್ರಾಂ ಮಾತ್ರ. ಉಳಿದದ್ದನ್ನು ಹಬೆ ಕೊಡುತ್ತದೆ. ಈ ಲೆಕ್ಕದಲ್ಲಿ ಒಂದು ಚೀಲ ಯೂರಿಯಾಕ್ಕೆ ಸಾಕಾಗುವುದು ಸುಮಾರು 46 ಕೆ.ಜಿ. ಒಣ ಜೀವರಾಶಿ. ಬೇಕಾದ ಇಂಗಾಲವೂ ಅದರಲ್ಲೇ ಇದೆ, ಮಿಗುವಷ್ಟು.

ಮಿಷನ್‌ನ ಮೊದಲ ಹೈಡ್ರೋಜನ್ ಹರಾಜು ಈ ದಾರಿಯನ್ನು ಎಷ್ಟು ಗಂಭೀರವಾಗಿ ತೆಗೆದುಕೊಂಡಿತು? ವರ್ಷಕ್ಕೆ 4,50,000 ಟನ್‌ನಲ್ಲಿ ಜೀವರಾಶಿಗೆ ಮೀಸಲಿಟ್ಟದ್ದು 40,000 ಟನ್. ಹಂಚಿಕೆಯಾದದ್ದು ಬರೀ 2,000. ಕಿಲೋಗೆ ಮೊದಲ ವರ್ಷ ಗರಿಷ್ಠ 50 ರೂಪಾಯಿ ಪ್ರೋತ್ಸಾಹಧನವಿದ್ದರೂ ಹೀಗಾಯಿತು. ಜೀವರಾಶಿಯ ಖರ್ಚಿರುವುದು ಕೂಡಿಸುವುದರಲ್ಲಿ, ಒಣಗಿಸುವುದರಲ್ಲಿ, ಲಾರಿ ಬಾಡಿಗೆಯಲ್ಲಿ. ಮೂಡಿಗೆರೆ ಕಡೆಯ ಮಳೆಗಾಲದಲ್ಲಿ ಮರಗಸಿ ಮಾಡಿ ಕಡಿದ ನೆರಳು ಮರದ ಕೊಂಬೆ ಒಣಗುವುದೇ ಕಷ್ಟ. ಕಿಲೋಗೊಂದು ಸಬ್ಸಿಡಿ ಎಂಬ ನಿಯಮ ಈ ಖರ್ಚನ್ನು ನೋಡುವುದೇ ಇಲ್ಲ.

ತೋಟದ ಸೊಪ್ಪು, ಪಲ್ಪರ್‌ನಲ್ಲಿ ಬಿಡಿಸಿದ ಕಾಫಿ ಹಣ್ಣಿನ ಸಿಪ್ಪೆ ಮಣ್ಣಿಗೇ ಸೇರಬೇಕು. ಅದನ್ನು ಕಿತ್ತುಕೊಂಡು ಯೂರಿಯಾ ಮಾಡುವುದು ಮೂರ್ಖತನ. ಆದರೆ ಕಾಫಿ ಬೀಜದ ಮೇಲಿನ ಪಾರ್ಚ್‌ಮೆಂಟಿನ ಹೊಟ್ಟು ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಒಣಗಿಯೇ, ಒಂದೇ ಕಡೆ ಸಿಗುತ್ತದೆ. ಮುಂದಿನ ಹರಾಜಿನಲ್ಲಿ ಜೀವರಾಶಿಗೆ ಪ್ರತ್ಯೇಕ ದರ, ಸಾಗಣೆ ವೆಚ್ಚಕ್ಕೆ ನೆರವು, ಇಂಥ ಕಡೆಗಳಲ್ಲಿ ಸಣ್ಣ ಘಟಕಗಳಿಗೆ ಅವಕಾಶ ಇರಲಿ ಎಂದು ಬೆಳೆಗಾರರ ಸಂಘಗಳು ಈಗಲೇ ಕೇಳಬೇಕು.