ಹೊಗಳಿಕೆಯ ಹೊನ್ನಶೂಲ

ವಾರಾಂತ್ಯದ ಪ್ರೀಮಿಯರ್ ಲೀಗ್ ಪಂದ್ಯಗಳನ್ನು ತಪ್ಪದೆ ನೋಡುವವರಿಗೆ ಇದು ಹೊಸದಲ್ಲ. ಎದುರಾಳಿಗಳು ಯಾರೂ ಹತ್ತಿರವಿಲ್ಲದಾಗ ಮಿಡ್‌ಫೀಲ್ಡರ್ ಪಕ್ಕದವನಿಗೆ ಚೆಂಡು ದಾಟಿಸುತ್ತಾನೆ, ‘ಎಂಥ ದೃಷ್ಟಿ!’ ಎಂದು ಕಾಮೆಂಟೇಟರ್ ಉದ್ಗರಿಸುತ್ತಾನೆ. ನೇರವಾಗಿ ಕೈಗೇ ಬಂದ ಚೆಂಡನ್ನು ಗೋಲ್‌ಕೀಪರ್ ಹಿಡಿದರೆ ಅದು ಅದ್ಭುತ ಸೇವ್. ಅರ್ಧ ಸೀಸನ್ ಚೆನ್ನಾಗಿ ಆಡಿದ ಹುಡುಗ ಆಗಲೇ ವರ್ಲ್ಡ್ ಕ್ಲಾಸ್. ದೊಡ್ಡ ಮಾತುಗಳೆಲ್ಲ ಮೊದಲ ಇಪ್ಪತ್ತು ನಿಮಿಷದಲ್ಲೇ ಖರ್ಚಾದರೆ, ನಿಜವಾದ ದೊಡ್ಡ ಆಟ ನಡೆದಾಗ ಹೇಳುವುದಕ್ಕೆ ಏನು ಉಳಿಯುತ್ತದೆ?

ಹೊಗಳಬಾರದೆಂದು ನಾನು ಹೇಳುತ್ತಿಲ್ಲ. 1986ರ ಜೂನ್ 22ರಂದು ಮೆಕ್ಸಿಕೊ ನಗರದ ಅಜ್ಟೆಕಾ ಕ್ರೀಡಾಂಗಣದಲ್ಲಿ ಇಂಗ್ಲೆಂಡ್ ವಿರುದ್ಧ ಮರಡೋನಾ ಹೊಡೆದ ಎರಡನೇ ಗೋಲನ್ನೇ ನೋಡಿ. ಕೈಯಿಂದ ತಳ್ಳಿದ ಆ ಕುಖ್ಯಾತ ಗೋಲಾಗಿ ನಾಲ್ಕೇ ನಿಮಿಷ. ತನ್ನದೇ ಅರ್ಧದಲ್ಲಿ ಚೆಂಡು ಸಿಕ್ಕಿದ್ದೇ ತಡ, ಬಿಯರ್ಡ್‌ಸ್ಲಿ, ರೀಡ್, ಬುಚರ್, ಫೆನ್ವಿಕ್ ಎಲ್ಲರನ್ನೂ ದಾಟಿ, ಗೋಲ್‌ಕೀಪರ್ ಶಿಲ್ಟನ್‌ನನ್ನೂ ತಪ್ಪಿಸಿ ಬಲೆಗೆ ಸೇರಿಸಿದ. ರೇಡಿಯೊದಲ್ಲಿ ವಿವರಿಸುತ್ತಿದ್ದ ಉರುಗ್ವೆಯ ವಿಕ್ಟರ್ ಹ್ಯೂಗೊ ಮೊರಾಲೆಸ್ ಅತ್ತೇಬಿಟ್ಟರು. ಬ್ರಹ್ಮಾಂಡದ ಗಾಳಿಪಟವೇ, ಯಾವ ಗ್ರಹದಿಂದ ಬಂದೆ ಎಂದು ಕೇಳಿದರು, ದೇವರಿಗೆ ಕೃತಜ್ಞತೆ ಹೇಳಿದರು. ಬಿಬಿಸಿ ಟೆಲಿವಿಷನ್‌ನಲ್ಲಿ ಬ್ಯಾರಿ ಡೇವಿಸ್, ಇದು ಭವ್ಯ ಎಂದು ಒಪ್ಪಲೇಬೇಕು ಎಂಬ ಅರ್ಥದ ಸಣ್ಣ ಮಾತಾಡಿದರು. ತಮ್ಮ ತಂಡ ಸೋಲುತ್ತಿದ್ದಾಗ ಒಬ್ಬ ಇಂಗ್ಲಿಷ್ ಮನುಷ್ಯನ ಬಾಯಿಂದ ಬಂದ ಆ ಮಾತಿನ ತೂಕ ಕಡಿಮೆಯದಲ್ಲ.

ನನ್ನ ಮಟ್ಟಿಗೆ ಇಬ್ಬರೂ ಸರಿ. ರೇಡಿಯೊ ಕೇಳುವವನಿಗೆ ಏನೂ ಕಾಣುವುದಿಲ್ಲ. ಅವನ ಕಣ್ಣೂ ಮೈದಾನವೂ ಮೊರಾಲೆಸ್ ಅವರ ದನಿಯೇ. ಟಿವಿಯ ಮುಂದೆ ಕೂತವನು ಗೋಲನ್ನು ನೋಡಿಯಾಗಿದೆ, ಮೈ ಜುಮ್ಮೆಂದೂ ಆಗಿದೆ. ಅವನಿಗೆ ಬೇಕಾದದ್ದು ಅವನ ಕಣ್ಣಿಗೆ ಬೀಳದ್ದು. ಮರಡೋನಾನ ಅದೇ ಓಟದಲ್ಲಿ ಜೊತೆಯಾಟಗಾರ ವಾಲ್ಡಾನೊ ಎಡಗಡೆಯಿಂದ ನುಗ್ಗಿ ಬರುತ್ತಿದ್ದ. ಯಾವ ಕ್ಷಣದಲ್ಲಾದರೂ ಚೆಂಡು ಅವನಿಗೆ ಹೋಗಬಹುದು ಎಂಬ ಅಳುಕು ಇಂಗ್ಲೆಂಡಿನ ಡಿಫೆಂಡರ್‌ಗಳನ್ನು ಕಾಡದೆ ಇರಲಿಲ್ಲ. ಇದನ್ನು ತೋರಿಸಿಕೊಟ್ಟರೆ ಮರಡೋನಾನ ಹಿರಿಮೆಗೆ ಕುಂದಿಲ್ಲ. ಪಾಸ್ ಕೊಡುವವನಂತೆ ಓಡುತ್ತಲೇ ಕೊಡದೆ ಉಳಿದ ಅವನ ಬುದ್ಧಿ ಇನ್ನೂ ಸ್ಪಷ್ಟವಾಗುತ್ತದೆ. ಇಂದಿನ ಟಿವಿ ಕಾಮೆಂಟರಿ ರೇಡಿಯೊದವರ ಭಾವಾವೇಶವನ್ನು ಎರವಲು ತಂದು, ತೋರಿಸಿಕೊಡುವ ತನ್ನ ಕಸುಬನ್ನೇ ಕೈಬಿಡುತ್ತಿದೆ.

ಪರಾಕೆಲ್ಲ ಗೋಲು ಹೊಡೆದವನಿಗೇ ಸಲ್ಲುವುದರಿಂದ ಉಳಿದವರು ಕಾಣದೆ ಹೋಗುತ್ತಾರೆ. ಎದುರಾಳಿಯ ದಾಳಿಯನ್ನು ಹುಟ್ಟುವ ಮೊದಲೇ ಮುರಿಯುತ್ತಿದ್ದ ಕ್ಲಾಡ್ ಮಕೆಲೆಲೆಯನ್ನು ರಿಯಲ್ ಮ್ಯಾಡ್ರಿಡ್ 2003ರಲ್ಲಿ ಚೆಲ್ಸಿಗೆ ಮಾರಿತು. ಅದೇ ಬೇಸಿಗೆಯಲ್ಲಿ ಬೆಕಮ್ ಬಂದ. ಜಿದಾನ್, ರೊನಾಲ್ಡೊ, ಫಿಗೊ ಎಲ್ಲರೂ ಇದ್ದ ಆ ತಂಡಕ್ಕೆ ಮುಂದಿನ ಮೂರು ಸೀಸನ್ ಲೀಗ್ ಪ್ರಶಸ್ತಿ ಸಿಗಲಿಲ್ಲ.

ಹೊಗಳಿಸಿಕೊಂಡವನಿಗಾದರೂ ಸುಖವಿದೆಯೇ? ಬೊಯಾನ್ ಕ್ರಿಕಿಚ್ 2007ರಲ್ಲಿ ಬಾರ್ಸಿಲೋನಾ ಪರ ಲೀಗ್‌ನಲ್ಲಿ ಮೊದಲ ಬಾರಿ ಕಣಕ್ಕಿಳಿದಾಗ 17 ವರ್ಷ 19 ದಿನದ ಹುಡುಗ. ‘ಹೊಸ ಮೆಸ್ಸಿ’ ಎಂಬ ಕೂಗು ಅಲ್ಲಿಂದಲೇ ಶುರು. ಮರುವರ್ಷದ ಯೂರೊ ಟೂರ್ನಿಗೆ ಅವನು ಹೋಗಲಿಲ್ಲ. ತೀವ್ರ ಆತಂಕದಿಂದ ನರಳುತ್ತಿದ್ದೆ ಎಂದು ಹತ್ತು ವರ್ಷದ ನಂತರ ಅವನೇ ಹೇಳಿದ. ಹಲವು ದೇಶಗಳಲ್ಲಿ ವೃತ್ತಿಪರನಾಗಿ ಆಡಿ 2023ರಲ್ಲಿ ನಿವೃತ್ತನಾದವನ ಬದುಕು ಯಾರ ಕಣ್ಣಿಗೂ ಸೋಲಲ್ಲ, ಮೆಸ್ಸಿಯ ಪಕ್ಕದಲ್ಲಿ ನಿಲ್ಲಿಸಿ ಅಳೆಯುವವರೆಗೆ. ಆ ಅಳತೆಗೋಲನ್ನು ಅವನು ಕೇಳಿರಲಿಲ್ಲ. ಹೊನ್ನಶೂಲ ಎಂದು ನಮ್ಮವರು ಕರೆದದ್ದು ಇದನ್ನೇ.

ಹಾಗಾದರೆ ಹೊಗಳುವುದು ಹೇಗೆ? 2012ರ ಮೇ 13ರಂದು ಮ್ಯಾಂಚೆಸ್ಟರ್ ಸಿಟಿ 44 ವರ್ಷಗಳ ನಂತರ ಲೀಗ್ ಗೆದ್ದದ್ದು ಪಂದ್ಯದ ಕೊನೆಯ ಗಳಿಗೆಯಲ್ಲಿ. ಬೀಳುತ್ತ ಬೀಳುತ್ತಲೇ ಬಲೊಟೆಲಿ ಚೆಂಡು ದಾಟಿಸಿದ, ಅಗ್ವೆರೊ ಬಲೆಗೆ ಹೊಡೆದ. ಕಾಮೆಂಟೇಟರ್ ಮಾರ್ಟಿನ್ ಟೈಲರ್ ಆ ಹೆಸರನ್ನು ಉಸಿರಿರುವಷ್ಟು ಎಳೆದು ಕೂಗಿ ಸುಮ್ಮನಾದರು, ಮೈದಾನದ ಗದ್ದಲಕ್ಕೆ ಜಾಗ ಬಿಟ್ಟರು. ಇಂಥದ್ದನ್ನು ಮತ್ತೆಂದೂ ನೋಡಲಾರಿರಿ ಎಂಬ ಮಾತು ಬಂದದ್ದು ಆಮೇಲೆ. ಆಟಗಾರನಿಗೆ ಒಂದು ವಿಶೇಷಣವನ್ನೂ ಅವರು ಅಂಟಿಸಲಿಲ್ಲ. ಟಿವಿ ಕಾಮೆಂಟರಿಯಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆಯನ್ನು ನಾನು ಕೇಳಿಲ್ಲ.

ಮುಂದಿನ ಪಂದ್ಯದಲ್ಲಿ ‘ಜೀನಿಯಸ್’ ಎಂಬ ಕೂಗು ಕೇಳಿದಾಗ ಒಂದು ಕೆಲಸ ಮಾಡಿ. ರಿಪ್ಲೇ ಬಂದೊಡನೆ ಚೆಂಡನ್ನು ಬಿಟ್ಟು, ಚೆಂಡಿಲ್ಲದೆ ಓಡುತ್ತಿರುವವನನ್ನು ನೋಡಿ.