ಎಲ್ಲಿ ತುಂಡಾದರೂ ಲೆಕ್ಕ ಒಂದೇ

ಕಬ್ಬಿನ ಹಂಗಾಮು ಶುರುವಾಯಿತೆಂದರೆ ಚಿಕ್ಕೋಡಿ, ರಾಯಬಾಗ, ಅಥಣಿ ಸೀಮೆಯ ರೈತರ ಕಣ್ಣೆಲ್ಲ ಕಾಟಾದ ಮೇಲೆ. ಅಲ್ಲಿ ಮೂಡುವ ಅಂಕಿ ನೆಟ್‌ವರ್ಕ್ ದಾಟಿ ಇನ್ನೊಂದು ಕಂಪ್ಯೂಟರಿಗೆ ಹೋಗಬೇಕು ಎಂದಿಟ್ಟುಕೊಳ್ಳಿ. ಊರ ಹೆಸರು, ಅಲ್ಪವಿರಾಮ, ಕಿಲೋ ಲೆಕ್ಕದ ತೂಕ, ಸಾಲು ಮುಗಿಯಿತೆನ್ನಲು ಒಂದು ನ್ಯೂಲೈನ್: ‘ಕರೋಶಿ,14250’. ಇಷ್ಟು ಚಿಕ್ಕ ಸಾಲನ್ನು ತಪ್ಪಿಲ್ಲದೆ ಓದಿಕೊಳ್ಳುವುದು ನನಗೆ ಬಹಳ ಪ್ರಿಯವಾದ ಸಮಸ್ಯೆ. ಫಂಕ್ಷನಲ್ ಪ್ರೋಗ್ರಾಮಿಂಗ್‌ನ ಸೊಗಸು ಇಲ್ಲಿ ನಿಚ್ಚಳವಾಗಿ ಕಾಣುತ್ತದೆ.

ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು. ಕರೋಶಿಯಲ್ಲಿ ಕ, ರ, ಓತ್ವ, ಶ, ಗುಡಿಸು ಸೇರಿ 5 ಸಂಕೇತ, ಅಂದರೆ 15 ಬೈಟ್. ಅಲ್ಪವಿರಾಮಕ್ಕೆ 1, ಅಂಕಿಗಳಿಗೆ 5, ನ್ಯೂಲೈನಿಗೆ 1; ಒಟ್ಟು 22. ಈ 22 ಒಟ್ಟಿಗೇ ಬರುತ್ತವೆಂದು ನೆಟ್‌ವರ್ಕ್‌ನಲ್ಲಿ ಬೈಟ್ ಸಾಗಿಸುವ ಟಿಸಿಪಿ ಎಂದೂ ಮಾತು ಕೊಟ್ಟಿಲ್ಲ. ಕಳಿಸಿದ ಕ್ರಮದಲ್ಲೇ ಬೈಟ್‌ಗಳನ್ನು ಮುಟ್ಟಿಸುವುದಷ್ಟೇ ಅದರ ಹೊಣೆ. ಸಾಲು ಎಲ್ಲಿ ಮುಗಿಯಿತೆಂದು ಅದಕ್ಕೆ ಗೊತ್ತಿಲ್ಲ. ಮೊದಲ ಕಂತಿನಲ್ಲಿ 19 ಬೈಟ್ ಬಂದರೆ ಕೈಗೆ ಸಿಗುವುದು ‘ಕರೋಶಿ,142’. ಅದನ್ನೇ ಪೂರ್ತಿ ಸಾಲೆಂದು ನಂಬಿದರೆ 14 ಟನ್ ಮೀರಿದ ಕಬ್ಬು 142 ಕಿಲೋ ಆಗಿಬಿಡುತ್ತದೆ! 7 ಬೈಟ್‌ಗೇ ಕಡಿದರೆ ಓತ್ವದ ಮೂರರಲ್ಲೊಂದು ಪಾಲು ಮಾತ್ರ ಬಂದು ಅಕ್ಷರವೇ ಕೆಡುತ್ತದೆ.

ಮಾಮೂಲಿ ಕೋಡ್‌ನಲ್ಲಿ ಈ ಅರೆಬರೆ ತುಂಡು ಯಾವುದೋ ಬಫರ್‌ನಲ್ಲಿ ಕೂತಿರುತ್ತದೆ. ಅದನ್ನು ಯಾರು ತುಂಬಿದರು, ಯಾರು ಖಾಲಿ ಮಾಡಿದರು ಎಂದು ಹುಡುಕುತ್ತ ಹೋಗಬೇಕು. ಫಂಕ್ಷನಲ್ ದಾರಿಯಲ್ಲಿ ಅದು ಎಲ್ಲರ ಕಣ್ಣೆದುರಿಗೇ ಇರುತ್ತದೆ. ಹಿಂದಿನ ಉಳಿಕೆಯನ್ನೂ ಈಗ ಬಂದ ತುಂಡನ್ನೂ ಫಂಕ್ಷನ್‌ಗೆ ಕೊಡಿ. ಪೂರ್ತಿಯಾದ ಸಾಲುಗಳನ್ನೂ ಹೊಸ ಉಳಿಕೆಯನ್ನೂ ಅದು ಕೊಡುತ್ತದೆ. ‘ಕರೋಶಿ,142’ ಬಂದಾಗ ಸಾಲುಗಳ ಪಟ್ಟಿ ಖಾಲಿ, ಉಳಿಕೆ 19 ಬೈಟ್. ಮುಂದಿನ ಕಂತಿನಲ್ಲಿ ‘50’ ಮತ್ತು ನ್ಯೂಲೈನ್ ಬಂದರೆ ಪಟ್ಟಿಯಲ್ಲಿ ಒಂದು ಸಾಲು, ಉಳಿಕೆ ಸೊನ್ನೆ. ಈ ಫಂಕ್ಷನ್‌ಗೆ ನೆಟ್‌ವರ್ಕ್‌ನ ಗೊಡವೆಯೇ ಇಲ್ಲ.

ಹ್ಯಾಸ್ಕೆಲ್ ಎಂಬ ಫಂಕ್ಷನಲ್ ಭಾಷೆಯ ಆಟ್ಟೊಪಾರ್ಸೆಕ್ ಲೈಬ್ರರಿ ಇನ್ನೂ ಒಂದು ಹೆಜ್ಜೆ ಮುಂದೆ. ಓದು ಮುಗಿಯಿತು, ತಪ್ಪಿತು, ಅರ್ಧಕ್ಕೆ ನಿಂತಿದೆ ಎಂಬ ಮೂರು ಉತ್ತರಗಳಲ್ಲಿ ಒಂದನ್ನು ಅದು ಕೊಡುತ್ತದೆ. ಅರ್ಧಕ್ಕೆ ನಿಂತಾಗ ನಮ್ಮ ಕೈಗೆ ಬರುವುದು ಒಂದು ಫಂಕ್ಷನ್: ಮುಂದಿನ ತುಂಡು ಕೊಡಿ, ನಿಂತಲ್ಲಿಂದಲೇ ಓದುತ್ತೇನೆ ಎನ್ನುವಂಥದ್ದು. ಕಾಯುವಿಕೆಯನ್ನೂ ಒಂದು ಮೌಲ್ಯವಾಗಿ ಕೈಗಿಡುವ ಈ ಯೋಚನೆಗೆ ನಾನು ಮನಸೋತಿದ್ದೇನೆ.

ಹಾಗೆಂದು ಫಂಕ್ಷನಲ್ ಆದದ್ದೆಲ್ಲ ಕ್ಷೇಮವಲ್ಲ. ಬೇಕಾದಾಗಷ್ಟೇ ಓದಿಕೊಳ್ಳುವ ಹ್ಯಾಸ್ಕೆಲ್‌ನ ಲೇಜಿ ಓದು ಬರೆಯಲು ಬಲು ಸಲೀಸು. ಆದರೆ ಓದು ನಿಜಕ್ಕೂ ಯಾವಾಗ ನಡೆಯುತ್ತದೆ, ಸಂಪರ್ಕವನ್ನು ಯಾವಾಗ ಮುಚ್ಚಬೇಕು ಎಂಬುದು ಮಸುಕಾಗುತ್ತದೆ. ಈ ತೊಡಕು ಬಿಡಿಸಲೆಂದೇ ಒಲೆಗ್ ಕಿಸೆಲ್ಯೋವ್ ಇಟರೇಟಿ ಎಂಬ ಮಾದರಿ ಕೊಟ್ಟರು; ಕಾಂಡ್ಯೂಟ್, ಪೈಪ್ಸ್ ಲೈಬ್ರರಿಗಳು ಆಮೇಲೆ ಬಂದವು. ಎರ್ಲಾಂಗ್ ಭಾಷೆಯಲ್ಲಿ ಸಾಲು ಬಿಡಿಸುವ ಕೆಲಸವನ್ನು ಸಾಕೆಟ್‌ಗೇ ಒಪ್ಪಿಸಬಹುದು, ಆದರೆ ಬಫರ್‌ಗಿಂತ ಉದ್ದದ ಸಾಲನ್ನು ಅದು ಮೊಟಕುಗೊಳಿಸುತ್ತದೆ.

ಮೂರು ಎಚ್ಚರಗಳು. ಮೊದಲು ಬೈಟ್‌ಗಳಲ್ಲೇ ನ್ಯೂಲೈನ್ ಹುಡುಕಿ, ಆಮೇಲೆ ಅಕ್ಷರ ಬಿಡಿಸಿ. ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ 1992ರಲ್ಲಿ ರೂಪಿಸಿದ ಯುಟಿಎಫ್-8ರಲ್ಲಿ ಕನ್ನಡ ಅಕ್ಷರದ ಯಾವ ಬೈಟೂ 128ಕ್ಕಿಂತ ಕಡಿಮೆ ಇರುವುದಿಲ್ಲ, ನ್ಯೂಲೈನ್ 10. ಹಾಗಾಗಿ ಅಕ್ಷರದ ಹೊಟ್ಟೆಯಲ್ಲಿ ಸುಳ್ಳು ನ್ಯೂಲೈನ್ ಸಿಗುವ ಭಯವಿಲ್ಲ. ಎರಡನೆಯದು, ನ್ಯೂಲೈನ್ ಬರದೇ ಹೋದರೆ ಉಳಿಕೆ ಬೆಳೆಯುತ್ತಲೇ ಹೋಗಿ ಮೆಮೊರಿ ನುಂಗುತ್ತದೆ. ಅದಕ್ಕೊಂದು ಮಿತಿ ಹಾಕಿ. ಇಮೇಲ್ ಕಳಿಸುವ ಎಸ್‌ಎಂಟಿಪಿ ನಿಯಮದಲ್ಲಿ ಪಠ್ಯದ ಸಾಲಿಗೆ ಕೊನೆಯ ಗುರುತೂ ಸೇರಿ 1000 ಬೈಟ್‌ನ ಮಿತಿಯಿದೆ. ಮೂರನೆಯದು, ಸಂಪರ್ಕ ಕಡಿದಾಗ ಕೈಯಲ್ಲಿರುವ ಉಳಿಕೆಯನ್ನು ಪೂರ್ತಿ ಸಾಲೆಂದು ದಾಖಲಿಸಬೇಡಿ.

ಇನ್ನು ಪರೀಕ್ಷೆ. 22 ಬೈಟ್‌ಗಳ ನಡುವೆ ಕಡಿಯಬಹುದಾದ ಜಾಗ 21. ಪ್ರತಿ ಜಾಗದಲ್ಲೂ ಕಡಿಯುವುದು ಅಥವಾ ಬಿಡುವುದು ಎಂದು ಲೆಕ್ಕ ಹಾಕಿದರೆ ನಮ್ಮ ಸಾಲು 20,97,152 ಬಗೆಯಲ್ಲಿ ಬಂದು ಸೇರಬಹುದು. ಫಂಕ್ಷನ್ ಶುದ್ಧವಾಗಿದ್ದರೆ, ಅಂದರೆ ಕೈಗೆ ಕೊಟ್ಟದ್ದನ್ನಷ್ಟೇ ನೋಡಿ ಉತ್ತರ ಕೊಡುವಂತಿದ್ದರೆ, ಅಷ್ಟನ್ನೂ ತಂತಿ, ಸರ್ವರ್ ಯಾವುದೂ ಇಲ್ಲದೆ ಒಂದು ಲ್ಯಾಪ್‌ಟಾಪ್‌ನಲ್ಲೇ ಓಡಿಸಿ ನೋಡಬಹುದು. ಸಾಲು ಉದ್ದವಾದರೆ ಜಾನ್ ಹ್ಯೂಸ್ ಮತ್ತು ಕೋನ್ ಕ್ಲಾಸೆನ್ 2000ದಲ್ಲಿ ಕೊಟ್ಟ ಕ್ವಿಕ್‌ಚೆಕ್ ಎಂಬ ಪರೀಕ್ಷಾ ಸಾಧನ ಮನಬಂದ ಕಡೆ ಕಡಿದು ಕೊಡುತ್ತದೆ. ಉತ್ತರ ಪ್ರತಿ ಸಲವೂ ಒಂದೇ ಬರಬೇಕು. ಒಂದೇ ಒಂದು ಸಲ ಬೇರೆ ಬಂದರೂ ಆ ಕೋಡ್ ಇನ್ನೂ ಕೆಲಸಕ್ಕೆ ಸಿದ್ಧವಾಗಿಲ್ಲ.