ರೋಹಿಣಿಯಲ್ಲಿ ಹಿಡಿದು ಶ್ರಾವಣದಲ್ಲಿ ಮಂಗಲ

ಮೇ ತಿಂಗಳ ಕೊನೆಯ ವಾರ. ಹಾನಗಲ್ ಕಡೆಯ ತೋಟಗಳಲ್ಲಿ ಆಪೂಸ್ ಇಳಿಸುವ ಗಡಿಬಿಡಿ ಮುಗಿಯುತ್ತ ಬಂದಿದೆ. ಕೂರಿಗೆ ಭತ್ತಕ್ಕೆ ಹೊಲ ಹದ ಮಾಡಿಕೊಂಡವರು ರೋಹಿಣಿ ಮಳೆಗೆ ಕಾಯುತ್ತಿದ್ದಾರೆ. ಶಿಗ್ಗಾವಿ, ಸವಣೂರು ಭಾಗದಲ್ಲಿ ಇನ್ನೂ ಉಳಿದಿರುವ ಮಣ್ಣಿನ ಮನೆಗಳ ಮಾಳಿಗೆಗೆ ಮಣ್ಣು ಹಾಕಿ ಗಟ್ಟಿ ಮಾಡುವ ದಿನಗಳಿವು. ಹಿರೇಕೆರೂರಿನಲ್ಲಿ ಗೋವಿನಜೋಳದ ಬೀಜದ ಮಾತು. ಮಕ್ಕಳಿಗೆ ಸೂಟಿ ಮುಗಿಯಿತೆಂಬ ಬೇಸರ. ಓದುವ ಚಟ ಹತ್ತಿದವರಿಗೆ ಮಾತ್ರ ಇದರ ಜೊತೆಗೆ ಇನ್ನೊಂದು ಲೆಕ್ಕ: ಬೇಸಿಗೆಗೆಂದು ತಂದಿಟ್ಟುಕೊಂಡ ಪುಸ್ತಕಗಳಲ್ಲಿ ಓದಿ ಮುಗಿಸಿದ್ದೆಷ್ಟು, ಧೂಳು ತಿನ್ನುತ್ತಿರುವುದೆಷ್ಟು?

ಈ ಲೆಕ್ಕ ಈಗ ಅಂಕಿಗಳಲ್ಲೇ ನಡೆಯುತ್ತದೆ. ವರ್ಷಕ್ಕೆ ಇಪ್ಪತ್ತೈದು, ಐವತ್ತು ಎಂದು ಓದುಗರು ಗುರಿ ಹಾಕಿಕೊಳ್ಳುತ್ತಾರೆ. ಗುಡ್‌ರೀಡ್ಸ್ ಜಾಲತಾಣ 2011ರಲ್ಲಿ ಇಂಥ ವಾರ್ಷಿಕ ಪಣವನ್ನು ಶುರು ಮಾಡಿದ ಮೇಲೆ ಅದು ಜಗತ್ತಿನಾದ್ಯಂತ ರೂಢಿಯಾಯಿತು. ಅದರಿಂದ ಓದು ಹೆಚ್ಚಿದ್ದರೆ ಸಂತೋಷವೇ. ಆದರೆ ಅಂಕಿಯ ಗುರಿ ಓದುಗರನ್ನು ತೆಳ್ಳಗಿನ ಪುಸ್ತಕಗಳ ಕಡೆ ತಳ್ಳುತ್ತದೆ, ಇಲ್ಲವೇ ದಪ್ಪ ಪುಸ್ತಕವನ್ನು ಓಡಿಸಿಕೊಂಡು ಓದಿಸುತ್ತದೆ. ಎರಡರಲ್ಲೂ ನಷ್ಟ ಪುಸ್ತಕಕ್ಕಲ್ಲ, ಓದಿದವರಿಗೆ.

ಹಾವೇರಿ ಜಿಲ್ಲೆಯ ಈ ನಾಲ್ಕು ಊರುಗಳ ಸುತ್ತ ಇದಕ್ಕಿಂತ ಹಳೆಯದಾದ, ಇದಕ್ಕಿಂತ ಗಟ್ಟಿಯಾದ ಓದಿನ ಯೋಜನೆಯೊಂದು ಇವತ್ತಿಗೂ ಜೀವಂತವಿದೆ. ಶ್ರಾವಣ ಬಂತೆಂದರೆ ಮಠದಲ್ಲಿ, ಗುಡಿಯಲ್ಲಿ ‘ಪುರಾಣ ಹಚ್ಚುತ್ತಾರೆ’. ಪುಸ್ತಕ ಒಂದೇ. ಶುರುವಾಗುವ ದಿನ ಗೊತ್ತು, ಮಂಗಲದ ದಿನವೂ ಗೊತ್ತು. ರಾತ್ರಿ ಊಟವಾದ ಮೇಲೆ ಊರವರು ಬಂದು ಕೂರುತ್ತಾರೆ. ಪುರಾಣಿಕರು ಒಂದು ಪದ್ಯವನ್ನು ರಾಗವಾಗಿ ಹೇಳಿ, ಅಲ್ಲಲ್ಲಿ ಒಡೆದು, ಅರ್ಥ ಬಿಡಿಸುತ್ತಾರೆ. ಪಕ್ಕದಲ್ಲಿ ಹಾರ್ಮೋನಿಯಂ, ತಬಲಾ. ಅರ್ಥ ಹೇಳುವಾಗ ಪುರಾಣಿಕರು ಪದ್ಯ ಬಿಟ್ಟು ಊರ ಸುದ್ದಿಗೆ ಬರುತ್ತಾರೆ, ಈ ಸಲದ ಮಳೆಗೆ ಬರುತ್ತಾರೆ, ಮತ್ತೆ ಪದ್ಯಕ್ಕೆ ಮರಳುತ್ತಾರೆ. ಆ ದಿನದ ಭಾಗ ಮುಗಿದರೆ ಮಂಗಳಾರತಿ, ಕೈಗೊಂದಿಷ್ಟು ಕೊಬ್ಬರಿ ಸಕ್ಕರೆ. ಕಡೆಯ ದಿನ ಗ್ರಂಥವನ್ನು ಪಲ್ಲಕ್ಕಿಯಲ್ಲಿಟ್ಟು ಮೆರೆಸುವುದೂ ಉಂಟು.

ಚಾಮರಸನ ‘ಪ್ರಭುಲಿಂಗಲೀಲೆ’ ಈ ಕ್ರಮಕ್ಕೆ ಹೇಳಿ ಮಾಡಿಸಿದ ಕಾವ್ಯ. ಪ್ರೌಢದೇವರಾಯನ ಕಾಲದ್ದು, 15ನೇ ಶತಮಾನದ ರಚನೆ. ಭಾಮಿನಿ ಷಟ್ಪದಿಯ 1111 ಪದ್ಯಗಳು, 25 ಗತಿಗಳು. ದಿನಕ್ಕೊಂದು ಗತಿ ಹಿಡಿದರೆ ಒಂದು ತಿಂಗಳಲ್ಲಿ ಮಂಗಲವಾಗಿ, ನಡುವೆ ತಪ್ಪಿದ ದಿನಗಳಿಗೂ ಜಾಗ ಉಳಿಯುತ್ತದೆ. ಗತಿಯೊಂದಕ್ಕೆ ಸರಾಸರಿ ನಲವತ್ತೈದು ಪದ್ಯ. ಮನೆಯಲ್ಲಿ ಗಟ್ಟಿಯಾಗಿ ಓದಿಕೊಳ್ಳುವವರಿಗೆ ಒಂದು ಗಂಟೆಯ ಕೆಲಸ. ಕಥೆಯೂ ಈ ಸೀಮೆಗೆ ಹತ್ತಿರದ್ದೇ: ಮಾಯೆ ಹುಟ್ಟಿ ಬೆಳೆಯುವುದು ಬನವಾಸಿಯ ಅರಮನೆಯಲ್ಲಿ, ಅಲ್ಲಮನ ಮದ್ದಳೆಗೆ ಅವಳು ಮರುಳಾಗುವುದೂ ಅಲ್ಲೇ. ಕದಂಬರ ಒಂದು ಶಾಖೆ ಹಾನಗಲ್ಲಿನಿಂದಲೇ ಆಳಿದ ಸೀಮೆಯಿದು. ಹಾನಗಲ್ಲಿನ ಓದುಗರಿಗೆ ಬನವಾಸಿ ಪರಊರಲ್ಲ. ಅಲ್ಲಮನು ಗೋರಕ್ಷನನ್ನು ಎದುರಿಸುವ ಭಾಗವನ್ನು ಒಬ್ಬರೇ ಮನಸ್ಸಿನಲ್ಲಿ ಓದಿಕೊಂಡರೆ ಅರ್ಧ ರುಚಿ. ಇಬ್ಬರು ಕೂತು ಬಾಯಿಬಿಟ್ಟು ಓದಿದರೆ ಆ ವಾಗ್ವಾದದ ಬಿಸಿ ಗೊತ್ತಾಗುತ್ತದೆ.

ಒಂದು ಪುಸ್ತಕ ಮುಗಿದದ್ದನ್ನು ಊರೇ ಸಂಭ್ರಮಿಸುವ ರೂಢಿಗೆ ಶಿಗ್ಗಾವಿ ತಾಲ್ಲೂಕಿನ ಬಂಕಾಪುರದಲ್ಲಿ ಸಾವಿರದ ನೂರು ವರ್ಷಗಳಿಗೂ ಹಿಂದಿನ ಸಾಕ್ಷಿಯಿದೆ. ಜಿನಸೇನಾಚಾರ್ಯರು ಅರ್ಧಕ್ಕೆ ಬಿಟ್ಟುಹೋದ ಸಂಸ್ಕೃತ ಮಹಾಪುರಾಣವನ್ನು ಶಿಷ್ಯ ಗುಣಭದ್ರರು ‘ಉತ್ತರಪುರಾಣ’ ಬರೆದು ಪೂರ್ಣಗೊಳಿಸಿದರು. ಅದರ ಪ್ರಶಸ್ತಿ ಭಾಗ ಶಕ 820ನ್ನು, ಅಂದರೆ ಕ್ರಿ.ಶ. 898ನ್ನು, ಲೋಕಾದಿತ್ಯನ ಬಂಕಾಪುರವನ್ನು ಮತ್ತು ಆ ಗ್ರಂಥಕ್ಕೆ ಸಂದ ಪೂಜೆಯನ್ನು ಹೇಳುತ್ತದೆ. ಮುಂದಿನ ಶತಮಾನದಲ್ಲಿ ಅಜಿತಸೇನಾಚಾರ್ಯರು ಅದೇ ಊರಿನಲ್ಲಿದ್ದರು. ಗಂಗರ ಮಾರಸಿಂಹ 974ರಲ್ಲಿ ಅವರ ಸನ್ನಿಧಿಯಲ್ಲೇ ಸಲ್ಲೇಖನ ಕೈಗೊಂಡ. ಮುಧೋಳದ ರನ್ನನಿಗೂ ಅವರೇ ಗುರು. ಈಗ ಬಂಕಾಪುರವೆಂದರೆ ನವಿಲುಧಾಮ, ನಗರೇಶ್ವರ ಗುಡಿ ಎನ್ನುತ್ತಾರೆ. ರನ್ನನ ಹೆಸರನ್ನೂ ಆ ಸಾಲಿಗೆ ಸೇರಿಸಬೇಕು. ‘ಗದಾಯುದ್ಧ’ದ ಹಳಗನ್ನಡಕ್ಕೆ ಹೆದರುವವರಿಗೆ ತೀ.ನಂ.ಶ್ರೀ. ಮಾಡಿಕೊಟ್ಟ ಸಂಗ್ರಹವಿದೆ. ಹತ್ತು ಆಶ್ವಾಸಗಳ ಕಾವ್ಯ. ವಾರಕ್ಕೊಂದು ಆಶ್ವಾಸ ಸಾಕು.

ಕೂರಿಗೆ ಹಿಡಿಯುವ ಮುನ್ನ ಮುಗಿಯಬೇಕು, ಪುಸ್ತಕವೂ ಚಿಕ್ಕದಿರಬೇಕು ಎನ್ನುವವರಿಗೆ ಕನಕದಾಸರ ‘ರಾಮಧಾನ್ಯಚರಿತ್ರೆ’. ಕನಕದಾಸರ ಹುಟ್ಟೂರು ಬಾಡ ಇರುವುದು ಶಿಗ್ಗಾವಿ ತಾಲ್ಲೂಕಿನಲ್ಲೇ. ನೂರೈವತ್ತರ ಆಸುಪಾಸಿನ ಷಟ್ಪದಿಗಳ ಈ ಕಾವ್ಯವನ್ನು ಒಂದು ವಾರದಲ್ಲಿ ನಿಧಾನವಾಗಿ ಓದಬಹುದು. ಲಂಕೆಯಿಂದ ಮರಳುವ ರಾಮನ ಮುಂದೆ ಧಾನ್ಯಗಳಲ್ಲಿ ಯಾವುದು ಹೆಚ್ಚೆಂಬ ಪ್ರಶ್ನೆ ಬರುತ್ತದೆ. ವ್ರೀಹಿ ಎಂದರೆ ಭತ್ತ, ನರೆದಲೆಗ ಎಂದರೆ ರಾಗಿ. ಎರಡಕ್ಕೂ ಮಾತಿಗೆ ಮಾತು ಬೆಳೆದು ಜಗಳವಾಗುತ್ತದೆ. ಆರು ತಿಂಗಳು ಎರಡನ್ನೂ ಸೆರೆಯಲ್ಲಿಡುತ್ತಾರೆ. ಹೊರಗೆ ತೆಗೆದಾಗ ಭತ್ತ ಸೊರಗಿದೆ, ರಾಗಿ ಗಟ್ಟಿಯಾಗಿ ನಿಂತಿದೆ. ರಾಘವನ ಹೆಸರು ಅದಕ್ಕೇ ಸಲ್ಲುತ್ತದೆ. ಉಳ್ಳವರ ಭತ್ತ, ಬಡವರ ರಾಗಿ ಎಂಬ ಭೇದವನ್ನು ಕನಕದಾಸರು ಹೀಗೆ ನೇರವಾಗಿ ರಾಮನ ಸಭೆಗೇ ತಂದು ನಿಲ್ಲಿಸಿದರು. ಭತ್ತ ಬೆಳೆಯುವ ಹಾನಗಲ್ ತಾಲ್ಲೂಕಿನಲ್ಲಿ, ಭತ್ತ ಬಿತ್ತುವ ವಾರದಲ್ಲೇ, ಭತ್ತ ಸೋಲುವ ಕಾವ್ಯ ಓದುವುದರ ಸೊಗಸು ಬೇರೆ ಊರಿನಲ್ಲಿ ಸಿಗದು. ಬೈಗುಳದ ಪದ್ಯಗಳನ್ನು ಇಬ್ಬರು ಹಂಚಿಕೊಂಡು ಓದಬೇಕು, ಒಬ್ಬರು ಭತ್ತ, ಇನ್ನೊಬ್ಬರು ರಾಗಿ.

ಶಿಶುನಾಳವೂ ಇದೇ ತಾಲ್ಲೂಕು. ಶರೀಫರು (1819–1889) ಬದುಕಿದ್ದು, ಹಾಡಿದ್ದು ಈ ನೆಲದಲ್ಲಿ. ಗುರು ಗೋವಿಂದಭಟ್ಟರ ಕಳಸವೂ ದೂರವಿಲ್ಲ. ಸಿ. ಅಶ್ವತ್ಥ್ ಅವರ ಕಂಠದಿಂದ, 1990ರ ನಾಗಾಭರಣರ ಚಿತ್ರದಿಂದ ಶರೀಫರು ಮನೆಮನೆಗೂ ಬಂದರು. ಅದು ದೊಡ್ಡ ಉಪಕಾರ. ಆದರೆ ಜನರಿಗೆ ಗೊತ್ತಿರುವುದು ಆ ಧ್ವನಿಸುರುಳಿಗಳಲ್ಲಿದ್ದ ಕೆಲವೇ ಪದಗಳು, ಉಳಿದ ದೊಡ್ಡ ರಾಶಿ ಪುಸ್ತಕದಲ್ಲೇ ಕೂತಿದೆ. ಅದರಲ್ಲಿ ಗಿರಣಿಯ ಪದವಿದೆ, ಮೊಹರಮ್ಮಿನ ಅಲಾವಿ ಪದಗಳಿವೆ, ಹೊಲಮನೆಯ ಮಾತಿನಲ್ಲೇ ಗುರುವಿನ ದಾರಿ ಹೇಳುವ ಪದಗಳಿವೆ. ಈ ಮಳೆಗಾಲದ ಗುರಿ ಹೀಗಿರಲಿ: ಹಾಡಾಗಿ ಕೇಳಿರದ ಪದವೊಂದನ್ನು ದಿನಕ್ಕೊಂದರಂತೆ ಓದುವುದು, ತಾವೇ ಧಾಟಿ ಹಚ್ಚಿ ನೋಡುವುದು. ಮಾಳಿಗೆ ಸೋರುವ ಆ ಹೆಸರಾದ ಪದದ ಪೂರ್ತಿ ಅರ್ಥ ತಿಳಿಯಬೇಕಾದರೆ ಮಾತ್ರ ಮೃಗಶಿರಾ ಮಳೆ ಹಿಡಿದ ರಾತ್ರಿಯವರೆಗೆ ಕಾಯಬೇಕು. ಮಣ್ಣಿನ ಮಾಳಿಗೆಯ ಕೆಳಗೆ ಪಾತ್ರೆ ಇಟ್ಟು ಮಲಗಿದವರಿಗೆ ಆ ಪದಕ್ಕೆ ಟಿಪ್ಪಣಿ ಬೇಕಿಲ್ಲ.

ಹಿರೇಕೆರೂರಿನವರು ಸರ್ವಜ್ಞನನ್ನು ತಮ್ಮವನೆನ್ನುತ್ತಾರೆ. ಅಬಲೂರು, ಮಾಸೂರು ಎರಡೂ ಅವನ ಕಥೆಯಲ್ಲಿ ಬರುತ್ತವೆ. ಆ ತ್ರಿಪದಿಗಳು ಈಗ ಕೈಗೆ ಸಿಗುತ್ತಿರುವುದರ ಹಿಂದೆ ರೆವರೆಂಡ್ ಉತ್ತಂಗಿ ಚನ್ನಪ್ಪನವರ ಶ್ರಮವಿದೆ. ಬಾಸೆಲ್ ಮಿಷನ್ನಿನ ಪಾದ್ರಿಯಾಗಿದ್ದ ಅವರು ಊರೂರು ತಿರುಗಿ, ಬಾಯಿಪಾಠ ಹೇಳುವವರಿಂದ ಕೇಳಿ, ಕೈಬರಹಗಳನ್ನು ಹುಡುಕಿ, ಸಾವಿರಕ್ಕೂ ಮಿಕ್ಕ ವಚನಗಳನ್ನು ಒಟ್ಟುಗೂಡಿಸಿ 1924ರಲ್ಲಿ ಅಚ್ಚು ಹಾಕಿಸಿದರು. ಸರ್ವಜ್ಞನನ್ನು ಕಥೆಯ ಪುಸ್ತಕದಂತೆ ಒಂದೇ ಹಿಡಿತದಲ್ಲಿ ಓದಲಾಗದು, ಓದಲೂಬಾರದು. ಮೂರು ಸಾಲಿನ ಮಾತು ನಾಲಿಗೆಯ ಮೇಲೆ ನಿಲ್ಲಲು ಹೊತ್ತು ಬೇಕು. ದಿನಕ್ಕೆ ಐದು ಸಾಕು, ಅದರಲ್ಲಿ ಒಂದು ಬಾಯಿಗೆ ಬಂದರೆ ಆ ದಿನ ಗೆದ್ದಂತೆ. ಹೆಸರಿನ ಅಂಕಿತ ಕಟ್ಟಿ ಬೇರೆಯವರು ಸೇರಿಸಿದ ಪದ್ಯಗಳೂ ಈ ರಾಶಿಯಲ್ಲಿವೆ. ಯಾವುದು ಸರ್ವಜ್ಞನ ಪೆಟ್ಟು, ಯಾವುದು ಬರೀ ಅನುಕರಣೆ ಎಂದು ತೂಗಿ ನೋಡುವುದೇ ಒಳ್ಳೆಯ ಓದುಗರಿಗೆ ತಿಂಗಳುಗಟ್ಟಲೆ ಸಾಲುವ ಕೆಲಸ.

ಅಬಲೂರಿನಲ್ಲಿ ಕಲ್ಲಿನ ಮೇಲಿನ ಓದೂ ಇದೆ. ಸೋಮೇಶ್ವರ ಗುಡಿಯ ಶಾಸನ, ಸುಮಾರು 1200ರದ್ದು, ಶಿವಶರಣ ಏಕಾಂತದ ರಾಮಯ್ಯನ ಕಥೆಯನ್ನು ಹೇಳುತ್ತದೆ. ಅದೇ ಗುಡಿಯ ಶಿಲ್ಪಗಳ ಕೆಳಗೆ ಕನ್ನಡದ ಬರಹವಿದೆ. ಶಾಸನತಜ್ಞ ಫ್ಲೀಟ್ ಈ ಶಾಸನಗಳನ್ನು ‘ಎಪಿಗ್ರಾಫಿಯಾ ಇಂಡಿಕಾ’ದಲ್ಲಿ ಪ್ರಕಟಿಸಿದ. ಹರಿಹರ ಅದೇ ರಾಮಯ್ಯನ ಮೇಲೆ ರಗಳೆ ಬರೆದ. ಮೊದಲು ರಗಳೆ ಓದಿ, ಒಂದು ಭಾನುವಾರ ಬಿಡುವು ಮಾಡಿಕೊಂಡು ಗುಡಿಗೆ ಹೋಗಿ ಬರುವುದು ಒಳ್ಳೆಯ ಕ್ರಮ. ಕವಿ ಹೇಳಿದ್ದೇನು, ಕಲ್ಲು ಹೇಳುವುದೇನು ಎಂದು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬಹುದು.

ಹೊಸ ಕಾಲದ ಪುಸ್ತಕಗಳೇ ಬೇಕೆನ್ನುವವರಿಗೆ ಸವಣೂರು ಇದೆ. ಚಂದ್ರಶೇಖರ ಪಾಟೀಲರು, ಎಲ್ಲರ ಚಂಪಾ, 1939ರಲ್ಲಿ ಹುಟ್ಟಿದ್ದು ಆ ತಾಲ್ಲೂಕಿನ ಹತ್ತಿಮತ್ತೂರಿನಲ್ಲಿ. 1964ರಲ್ಲಿ ಗಿರಡ್ಡಿ ಗೋವಿಂದರಾಜ, ಸಿದ್ಧಲಿಂಗ ಪಟ್ಟಣಶೆಟ್ಟಿ ಅವರೊಂದಿಗೆ ‘ಸಂಕ್ರಮಣ’ ಪತ್ರಿಕೆ ಶುರು ಮಾಡಿದರು. ಅವರ ‘ಗೋಕರ್ಣದ ಗೌಡಶಾನಿ’ಯನ್ನು ನಾಲ್ಕಾರು ಮಂದಿ ಪಾತ್ರ ಹಂಚಿಕೊಂಡು ಓದಿದರೆ ಒಂದು ಸಂಜೆ ತುಂಬುತ್ತದೆ. ನಾಟಕವನ್ನು ಉಸಿರಾಗಿಸಿಕೊಂಡ ಶೇಷಗಿರಿಯಂಥ ಹಳ್ಳಿ ಹಾನಗಲ್ ತಾಲ್ಲೂಕಿನಲ್ಲಿದೆ. ಪಾತ್ರಕ್ಕೆ ಜನ ಸಿಗಲಾರರೆಂಬ ಚಿಂತೆ ಈ ಭಾಗದಲ್ಲಿ ಬೇಡ.

ಪುಸ್ತಕ ಸಿಗುವುದಿಲ್ಲ ಎಂಬ ದೂರು ಹಳ್ಳಿಗಳಲ್ಲಿ ಹಳೆಯದು. ಈ ಜಿಲ್ಲೆಯಲ್ಲಿ ಅದಕ್ಕೆ ಹಿಂದೆಯೇ ಪರಿಹಾರ ಹುಡುಕಿದವರು ಗಳಗನಾಥರು (1869–1942). ‘ಮಾಧವ ಕರುಣಾವಿಲಾಸ’ ಬರೆದ ಕಾದಂಬರಿಕಾರರೇ ಪುಸ್ತಕದ ಗಂಟು ಹೊತ್ತುಕೊಂಡು ಊರೂರಿಗೆ ನಡೆದು ಮಾರಿದರು. ಅಗಡಿಯ ಆನಂದವನದಿಂದ ‘ಸದ್ಬೋಧ ಚಂದ್ರಿಕೆ’ ನಡೆಸಿ ಓದುಗರ ಒಂದು ತಲೆಮಾರನ್ನೇ ಬೆಳೆಸಿದರು. ಈಗ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ‘ಅರಿವು ಕೇಂದ್ರ’ಗಳಾಗಿವೆ. 2020ರಲ್ಲಿ ಬಂದ ‘ಓದುವ ಬೆಳಕು’ ಮಕ್ಕಳನ್ನು ಅಲ್ಲಿಗೆ ಕರೆತಂದಿತು. ಮಕ್ಕಳು ಹೋಗುವ ಕಡೆಗೆ ದೊಡ್ಡವರೂ ಹೋಗಿ ಕೂತು, ಇಂಥ ಪುಸ್ತಕ ತರಿಸಿ ಎಂದು ಕೇಳಬೇಕು. ಕೇಳುವವರಿಲ್ಲದೆ ಗ್ರಂಥಾಲಯದ ಕಪಾಟು ಬದಲಾಗುವುದಿಲ್ಲ.

ಕಣ್ಣು ಮಂಜಾದವರನ್ನು ಈ ಯೋಜನೆಯಿಂದ ಬಿಡುವ ಹಾಗಿಲ್ಲ. ಹಾನಗಲ್ ಕುಮಾರಸ್ವಾಮಿಗಳು ಕೈಹಿಡಿದು ಬೆಳೆಸಿದ ಪಂಚಾಕ್ಷರಿ ಗವಾಯಿಗಳು ಇದೇ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯವರು. ಅವರ ಶಿಷ್ಯ ಪುಟ್ಟರಾಜ ಗವಾಯಿಗಳು ದೇವಗಿರಿಯವರು. ಇಬ್ಬರಿಗೂ ದೃಷ್ಟಿಯಿರಲಿಲ್ಲ. ಪುಟ್ಟರಾಜರು ಕನ್ನಡ, ಸಂಸ್ಕೃತ, ಹಿಂದಿ ಮೂರರಲ್ಲೂ ಗ್ರಂಥ ರಚಿಸಿದರು. ಮನೆಯ ಹಿರಿಯರಿಗೆ ರಾತ್ರಿ ಅರ್ಧ ಗಂಟೆ ಓದಿ ಹೇಳುವುದು ಮೊಮ್ಮಕ್ಕಳ ಸೂಟಿಯ ಕೆಲಸವಾಗಿತ್ತು. ಶಾಲೆ ಶುರುವಾದ ಮೇಲೂ ಅದು ನಿಲ್ಲಬೇಕಿಲ್ಲ.

ಇನ್ನು ಉಳಿದದ್ದು ವಿ.ಕೃ. ಗೋಕಾಕರು. 1909ರಲ್ಲಿ ಸವಣೂರಿನಲ್ಲಿ ಹುಟ್ಟಿದ ವಿನಾಯಕರು ಆಕ್ಸ್‌ಫರ್ಡಿಗೆ ಹಡಗು ಹತ್ತಿದ ಅನುಭವದಿಂದ ಬಂದ ‘ಸಮುದ್ರಗೀತೆಗಳು’ (1940) ಚಿಕ್ಕ ಸಂಕಲನ. ಕಡಲಿಲ್ಲದ ಸೀಮೆಯ ಕವಿಗೆ ಕಡಲು ಎದುರಾದಾಗ ಛಂದಸ್ಸೇ ಸಡಿಲಗೊಂಡದ್ದನ್ನು ಅಲ್ಲಿ ಕಾಣಬಹುದು. ಜೂನ್ ತಿಂಗಳಿಗೆ ಅದು ಸರಿ. ಅವರ ‘ಭಾರತ ಸಿಂಧುರಶ್ಮಿ’ಯ ಲೆಕ್ಕ ಬೇರೆ. ವಿಶ್ವಾಮಿತ್ರನನ್ನು ನಡುವೆ ನಿಲ್ಲಿಸಿದ, ಸುಮಾರು ಮೂವತ್ತೈದು ಸಾವಿರ ಸಾಲುಗಳ ಮಹಾಕಾವ್ಯ. ಜ್ಞಾನಪೀಠದ ಸುದ್ದಿ ಎಲ್ಲರಿಗೂ ಗೊತ್ತು, ಕಾವ್ಯವನ್ನು ಕೊನೆಯವರೆಗೆ ಓದಿದವರು ಕಡಿಮೆ. ದಿನಕ್ಕೆ ಮುನ್ನೂರು ಸಾಲು ಹಿಡಿದರೂ ನಾಲ್ಕು ತಿಂಗಳು ಬೇಕು. ಬಿತ್ತನೆ, ಕಳೆ, ಶ್ರಾವಣದ ಪುರಾಣ ಇಷ್ಟರ ನಡುವೆ ಅದು ಕೂರುವುದಿಲ್ಲ. ಸುಗ್ಗಿಯ ದಿನಗಳನ್ನು ಬಿಟ್ಟುಕೊಂಡು, ದಸರೆಗೆ ಹಚ್ಚಿದರೆ ಶಿವರಾತ್ರಿಯ ಹೊತ್ತಿಗೆ ಮಂಗಲವಾದೀತು. ಸವಣೂರಿನಲ್ಲೇ ನಾಲ್ಕು ಜನ ಮುಂದೆ ಬಂದು ಈಗಲೇ ಪ್ರತಿಗಳನ್ನು ಹುಡುಕತೊಡಗಬೇಕು.